ಒಂದು ಕಡೆ ಕಾಲಿಲ್ಲದ ಮೇಜು

ಅನಂತಲಕ್ಷ್ಮಿ ಕೂತು ತಿಂಡಿ ತಿಂದದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ನೋಡಿಲ್ಲ ಎಂಬುದನ್ನು ಯಾರೂ ಗಮನಿಸಿಯೂ ಇರಲಿಲ್ಲ.

ರಾಜಾಜಿನಗರದ ನಾಲ್ಕನೇ ಬ್ಲಾಕಿನ ಆ ಮನೆಯಲ್ಲಿ ಇದ್ದವರು ಮೂರೇ ಜನ. ಅನಂತಲಕ್ಷ್ಮಿ, ಅವಳ ಗಂಡ ಜಗನ್ನಾಥ, ತಂಗಿ ಅಂಬುಜಾ. ಒಬ್ಬಳೇ ಮಗಳು ಮದುವೆಯಾಗಿ ಮಂಡ್ಯ ಸೇರಿದ್ದಳು. ಜಗನ್ನಾಥ ಒಂದು ವಿಮಾ ಕಚೇರಿಯಲ್ಲಿ ಹೆಡ್ ಕ್ಲರ್ಕ್. ಕಚೇರಿಯಲ್ಲಿ ದಿನವಿಡೀ ಬಾಯಿ ಬಿಗಿದುಕೊಂಡು ಇರಬೇಕಾಗಿದ್ದುದರಿಂದಲೋ ಏನೋ, ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಹೆಂಡತಿಯನ್ನು ಒಂದು ಮಾತು ಛೇಡಿಸದಿದ್ದರೆ ಅವನಿಗೆ ಕಾಫಿ ರುಚಿಸುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಹೀಗೇ ನಡೆದಿತ್ತು. ಅನಂತಲಕ್ಷ್ಮಿ ಕೋಪ ಬಂದವಳಂತೆ ಮಾಡುತ್ತಿದ್ದಳು, ಅವನು ಹೆದರಿದವನಂತೆ ಮಾಡುತ್ತಿದ್ದ.

ಅಂಬುಜಾಳಿಗೆ ಮೂವತ್ತಾರು. ಅಕ್ಕನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಏಳು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಆಮೇಲೆ ಜಡೆ ಹಾಕಿದವಳೂ, ಫೀಸು ಕಟ್ಟಿದವಳೂ, ಬಂದ ಗಂಡುಗಳನ್ನು ಇವಳು ಬೇಡ ಎಂದಾಗ ಸರಿ ಬಿಡು ಎಂದವಳೂ ಅಕ್ಕನೇ. ಅಂಬುಜಾ ಕಟ್ಟಡದ ನಕ್ಷೆ ಮಾಡುವ ಒಂದು ಆಫೀಸಿನಲ್ಲಿ ಟ್ರೇಸರ್ ಆಗಿದ್ದಳು. ಸಾಹೇಬರು ಪೆನ್ಸಿಲಿನಲ್ಲಿ ಗೀಚಿಟ್ಟದ್ದನ್ನು ಪಾರದರ್ಶಕ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಅಚ್ಚುಕಟ್ಟಾಗಿ ಎಳೆಯುವುದು ಅವಳ ಕೆಲಸ. "ನಮ್ಮ ಅಂಬು ಇಲ್ಲೀವರೆಗೂ ಎಳೆದಿರೋ ಮೆಟ್ಟಿಲನ್ನೆಲ್ಲ ಜೋಡಿಸಿದ್ರೆ ನಂದಿಬೆಟ್ಟ ಹತ್ತಿ ಆ ಕಡೆ ಇಳೀಬಹುದು" ಎಂದು ಭಾವ ಹೇಳುತ್ತಿದ್ದ.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಜುಲೈಯಲ್ಲಿ ಅವಳಿಗೆ ಜ್ವರ ಬಂದು ಎರಡು ದಿನ ರಜೆ ಹಾಕಿದಳು. ನೀರು ಕುಡಿಯಲೆಂದು ಎದ್ದು ಅಡುಗೆಮನೆಗೆ ಹೋದರೆ, ಅಕ್ಕ ಗೋಡೆಗೆ ಒರಗಿ ನಿಂತಿದ್ದಾಳೆ. ಎಡಗೈಯಲ್ಲಿ ತಟ್ಟೆ. ಅದರಲ್ಲಿ ತಣ್ಣಗೆ ಗಟ್ಟಿಯಾದ ಬೆಳಗಿನ ಉಪ್ಪಿಟ್ಟು. ಕಣ್ಣು ಒಲೆಯ ಮೇಲಿನ ಬೇಳೆಯ ಕಡೆಗೆ.

"ಕೂತ್ಕೊಂಡು ತಿನ್ನಬಾರ್ದಾ ಅಕ್ಕ?"

"ಕೂತ್ರೆ ಮತ್ತೆ ಏಳ್ಬೇಕಲ್ಲೇ" ಎಂದಳು ಅನಂತಲಕ್ಷ್ಮಿ. "ನೀನ್ಯಾಕೆ ಎದ್ದೆ? ಹೋಗಿ ಮಲಕ್ಕೋ."

ಅಂಬುಜಾ ಹೋಗಿ ಮಲಗಿದಳು. ಆದರೆ ಆ ನಿಂತ ಭಂಗಿ ಅವಳ ಕಣ್ಣಿನಿಂದ ಹೋಗಲಿಲ್ಲ.

ಮತ್ತೆ ಆಫೀಸಿಗೆ ಹೋದ ವಾರದಲ್ಲೇ, ಸಾಹೇಬರು ಓದಿ ಬಿಸಾಡಿದ್ದ ವಿದೇಶಿ ಪತ್ರಿಕೆಯೊಂದು ಅವಳ ಕೈಗೆ ಬಂತು. ಅದರಲ್ಲಿ ಒಂದು ಪುಟ್ಟ ಮೇಜಿನ ಚಿತ್ರ. ಮೇಲೆ ದುಂಡನೆಯ ಗಾಜು, ಗಾಜಿನ ಸುತ್ತ ಥಳಥಳ ಹೊಳೆಯುವ ಉಕ್ಕಿನ ಕೊಳವೆಯ ಬಳೆ. ಕೆಳಗೆ ನೆಲದ ಮೇಲೆ ಪೂರ್ತಿ ಸುತ್ತದ ಇನ್ನೊಂದು ಬಳೆ. ಎರಡನ್ನೂ ಹಿಡಿದು ನಿಲ್ಲಿಸಿದ ಜೋಡಿ ಕೊಳವೆಗಳು ಒಂದೇ ಪಕ್ಕದಲ್ಲಿದ್ದವು. ಇನ್ನೊಂದು ಪಕ್ಕ ಏನೂ ಇರಲಿಲ್ಲ, ಬರೀ ಗಾಳಿ.

ಊಟದ ಬಿಡುವಿನಲ್ಲಿ ಅವಳು ಲೇಖನ ಪೂರ್ತಿ ಓದಿದಳು. ಐರ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಐಲೀನ್ ಗ್ರೇ ಎಂಬಾಕೆ ಐವತ್ತು ವರ್ಷದ ಹಿಂದೆ ಸಮುದ್ರದ ದಂಡೆಯಲ್ಲಿ ಒಂದು ಮನೆ ಕಟ್ಟಿಸಿದಳಂತೆ. ಮನೆ ಕಟ್ಟುವ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಓದಿದವಳಲ್ಲ. ಆ ಮನೆಗೆ ಬೇಕಾದ ಕುರ್ಚಿ ಮೇಜುಗಳನ್ನೂ ತಾನೇ ಯೋಚಿಸಿ ಮಾಡಿಸಿದಳು. ಮರದ ಕೆತ್ತನೆಯ ಕಾಲುಗಳೇ ದೊಡ್ಡಸ್ತಿಕೆ ಎನಿಸಿದ್ದ ಕಾಲದಲ್ಲಿ, ಸೈಕಲ್ಲಿಗೂ ಆಸ್ಪತ್ರೆಗೂ ಮೀಸಲಾಗಿದ್ದ ಉಕ್ಕಿನ ಕೊಳವೆಯನ್ನು ಕೆಲವರು ಧೈರ್ಯ ಮಾಡಿ ನಡುಮನೆಗೆ ತಂದರು. ಈಕೆಯೂ ಅವರಲ್ಲಿ ಒಬ್ಬಳು. ಆಮೇಲೆ ಲೋಕ ಅವಳನ್ನು ಮರೆತೇಬಿಟ್ಟಿತ್ತು, ಈಗೀಗ ಮತ್ತೆ ನೆನೆಸಿಕೊಳ್ಳುತ್ತಿದೆ, ತೊಂಬತ್ತು ದಾಟಿದ ಆಕೆ ಇನ್ನೂ ಪ್ಯಾರಿಸ್ಸಿನಲ್ಲಿ ಇದ್ದಾಳೆ ಎಂದು ಬರೆದಿತ್ತು. ಈ ಮೇಜಿನ ಬಗ್ಗೆ ಇದ್ದದ್ದು ನಾಲ್ಕೇ ಸಾಲು. ಆಕೆಯ ಸೋದರಿಗೆ ಬೆಳಿಗ್ಗೆ ಹಾಸಿಗೆಯಲ್ಲೇ ಕೂತು ತಿಂಡಿ ತಿನ್ನುವುದು ಇಷ್ಟ. ಚೂರುಗಳು ಹಾಸಿಗೆಗೆ ಬೀಳದ ಹಾಗೆ, ಮೇಜಿನ ಪಾದ ಮಂಚದ ಕೆಳಗೆ ತೂರಿ ಗಾಜು ತೊಡೆಯ ಮೇಲೆ ಬರುವ ಹಾಗೆ, ಎತ್ತರ ಹೆಚ್ಚುಕಡಿಮೆ ಮಾಡಿಕೊಳ್ಳುವ ಹಾಗೆ ಮಾಡಿದ್ದು.

ಅಂಬುಜಾ ಆ ಚಿತ್ರದ ಮೇಲೆ ಹಾಳೆ ಇಟ್ಟು ಎಳೆದುಕೊಂಡಳು. ಪಕ್ಕದಲ್ಲಿದ್ದ ಮಂಚದ ಎತ್ತರದಿಂದ ಲೆಕ್ಕ ಹಾಕಿ ಅಳತೆಗಳನ್ನು ಊಹಿಸಿದಳು. ಮೂರು ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ. ನಾಲ್ಕನೆಯ ದಿನ ಶನಿವಾರ. ಅರ್ಧ ದಿನ ಮುಗಿಸಿಕೊಂಡು ಬಸ್ಸು ಹಿಡಿದು ಅತ್ತಿಗುಪ್ಪೆಗೆ ಹೋದಳು.

ಅತ್ತಿಗುಪ್ಪೆಯಲ್ಲಿ ಕೃಷ್ಣಪ್ಪನ ಶೆಡ್ ಇತ್ತು. ಅವನ ರಾಗಿ ಹೊಲ ವಿಜಯನಗರ ಬಡಾವಣೆಗೆ ಹೋದ ಮೇಲೆ, ಬಂದ ಪರಿಹಾರದಲ್ಲಿ ಕೊಳವೆ ಬಗ್ಗಿಸುವ ಯಂತ್ರವನ್ನೂ ವೆಲ್ಡಿಂಗ್ ಸೆಟ್ಟನ್ನೂ ಕೊಂಡಿದ್ದ. ಆಸ್ಪತ್ರೆಗಳಿಗೆ ಮಂಚ, ಗ್ಲೂಕೋಸ್ ಬಾಟಲಿ ತೂಗುಹಾಕುವ ಸ್ಟ್ಯಾಂಡು, ಮಡಿಸುವ ಪರದೆ ಮಾಡುತ್ತಿದ್ದ. ಅಂಬುಜಾಳ ಆಫೀಸು ನಕ್ಷೆ ಮಾಡಿದ್ದ ನರ್ಸಿಂಗ್ ಹೋಮಿಗೆ ಮಂಚ ಕೊಟ್ಟವನು ಅವನೇ, ಹಾಗಾಗಿ ಪರಿಚಯವಿತ್ತು. ಹಳೇ ಮನೆಯೂ ಶೆಡ್ಡೂ ಒಂದೇ ಅಂಗಳದಲ್ಲಿದ್ದವು. ಜಗಲಿಯ ಮೇಲೆ ಅವನ ತಾಯಿ ಬೋರಮ್ಮ ಅಲಸಂದೆಕಾಯಿ ಸುಲಿಯುತ್ತ ಕೂತಿದ್ದಳು.

ಕೃಷ್ಣಪ್ಪ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದ. ತಿರುಗಿಸಿ ನೋಡಿದ.

"ಪೇಶೆಂಟು ಯಾರು ಮೇಡಮ್ಮೋರೆ?"

"ಪೇಶೆಂಟ್ ಯಾರೂ ಇಲ್ಲ. ನಮ್ಮಕ್ಕನಿಗೆ."

"ಪಾಪ. ಎಷ್ಟು ದಿನ ಆಯ್ತು?"

"ಅವ್ರಿಗೇನೂ ಆಗಿಲ್ಲ ಕೃಷ್ಣಪ್ಪ. ಮಂಚದ ಮೇಲೆ ಕೂತು ತಿಂಡಿ ತಿನ್ನೋಕೆ."

ಕೃಷ್ಣಪ್ಪ ತಲೆಯಾಡಿಸಿದ. ದೊಡ್ಡ ಕಾಯಿಲೆಗಳನ್ನು ಮನೆಯವರು ಹೀಗೇ ಮುಚ್ಚಿಡುತ್ತಾರೆ ಎಂಬುದು ಅವನ ವ್ಯಾಪಾರದ ಅನುಭವ. "ಆಗ್ಲಿ ಬುಡಿ, ಕೇಳಾಕಿಲ್ಲ" ಎಂದ. "ಆದ್ರೆ ಒಂದ್ ಕಡೆ ಕಾಲು ಬರಿಯೋದು ಮರ್ತಿದೀರಿ."

"ಮರ್ತಿಲ್ಲ. ಅದು ಇರೋದೇ ಹಾಗೆ."

ಬೋರಮ್ಮ ಅಲಸಂದೆಕಾಯಿ ಬಿಟ್ಟು ಎದ್ದು ಬಂದಳು. ಅಂಬುಜಾ ಇಬ್ಬರಿಗೂ ಇದ್ದ ಕಥೆಯನ್ನೆಲ್ಲ ಹೇಳಿದಳು. ಸಮುದ್ರ, ಮನೆ, ಹಾಸಿಗೆಯಲ್ಲಿ ತಿಂಡಿ ತಿನ್ನುವ ಸೋದರಿ.

"ಅಕ್ಕನಾ, ತಂಗಿನಾ?" ಎಂದು ಬೋರಮ್ಮ ಕೇಳಿದಳು.

"ಅದನ್ನ ಬರೆದಿಲ್ಲಮ್ಮ. ಇಂಗ್ಲಿಷಲ್ಲಿ ಎರಡಕ್ಕೂ ಒಂದೇ ಮಾತು."

"ಅದೆಂಥ ಮಾತವ್ವ, ಅಕ್ಕ ಯಾರು ತಂಗಿ ಯಾರು ಅಂತ ತಿಳೀದೇ ಇರೋವಂಥದ್ದು." ಸ್ವಲ್ಪ ಯೋಚಿಸಿ ತೀರ್ಮಾನ ಕೊಟ್ಟಳು. "ಅಕ್ಕನೇ ಇರ್ಬೇಕು. ತಂಗಿಯಾಗಿದ್ರೆ ಹೊತ್ತುಟ್ತು ಏಳೇ ಅಂತ ಎಬ್ಬಿಸ್ತಿದ್ಲೇ ಹೊರ್ತು ಮೇಜು ಮಾಡ್ಕೊಡ್ತಿರ್ಲಿಲ್ಲ."

ಮುಂದಿನ ಶನಿವಾರ ಹೋಗಿ ನೋಡಿದರೆ ಮೇಜು ಸಿದ್ಧವಾಗಿತ್ತು. ಗಾಜಿನ ಬದಲು ಸದ್ಯಕ್ಕೆ ತಗಡು. ಆದರೆ ಅದಕ್ಕೆ ಎರಡೂ ಕಡೆ ಕಾಲಿತ್ತು.

"ಕೊಳವೆಗೆ ದುಡ್ಡು ಬ್ಯಾಡ" ಎಂದ ಕೃಷ್ಣಪ್ಪ. "ನಂದೇ ಅಂತ ಹಾಕಿವ್ನಿ. ನಿಮ್ಮಕ್ಕನ ಮೈಮ್ಯಾಲೆ ಗಾಜು ಬಿದ್ರೆ ನನ್ನ ಕೈಯ್ಯೇ ಬಿದ್ದಂಗೆ."

ಅಂಬುಜಾಳಿಗೆ ನಗುವೂ ಬಂತು, ಅಳುವೂ ಬಂತು. ಅಂಗಳದಲ್ಲಿ ಹೊಸ ಆಸ್ಪತ್ರೆಯ ಮಂಚ ಒಂದಿತ್ತು. ಮೇಜನ್ನು ಎತ್ತಿ ಅದರ ಪಕ್ಕಕ್ಕಿಟ್ಟು ತಳ್ಳಿದಳು. ಹೊಸ ಕಾಲು ಮಂಚದ ಪಟ್ಟಿಗೆ ಢಣ್ ಎಂದು ಬಡಿದು ಮೇಜು ಅಲ್ಲೇ ನಿಂತಿತು.

ಕೃಷ್ಣಪ್ಪ ಮತ್ತೊಮ್ಮೆ ತಳ್ಳಿದ. ಮತ್ತೆ ಢಣ್. ಅವನು ಗರಗಸ ತಂದು ಆ ಕಾಲನ್ನು ಕತ್ತರಿಸಿದ. ಈಗ ಪಾದ ಮಂಚದ ಕೆಳಗೆ ನುಸುಳಿತು, ತಗಡು ಹಾಸಿಗೆಯ ಮೇಲೆ ಬಂದು ನಿಂತಿತು. ಬೋರಮ್ಮ ಮಂಚ ಹತ್ತಿ ಕೂತು, ಎಲೆಅಡಿಕೆ ಚೀಲವನ್ನು ತಗಡಿನ ಮೇಲಿಟ್ಟು, ಸುಣ್ಣದ ಡಬ್ಬಿ ಇಟ್ಟು, ಆಮೇಲೆ ಎರಡೂ ಮೊಣಕೈ ಊರಿ ನೋಡಿದಳು. ಮೇಜು ಮುಂದಕ್ಕೆ ಸ್ವಲ್ಪ ತೂಗಿತು, ಬೀಳಲಿಲ್ಲ.

"ಕೊಳ್ವೆ ತೆಳ್ಳಗಾಯ್ತು" ಎಂದ ಕೃಷ್ಣಪ್ಪ. ಅವನ ದನಿಯೇ ಬದಲಾಗಿತ್ತು. "ದಪ್ಪಂದು ಹಾಕ್ತೀನಿ. ಪಾದದ ಬಳೆ ಒಂದಿಂಚು ದೊಡ್ದು ಮಾಡ್ತೀನಿ. ಎತ್ರ ಏರ್ಸಿಳ್ಸಾಕೆ ಆ ಫ್ರಾನ್ಸಮ್ಮ ಏನ್ ಮಾಡವ್ರೆ?"

"ತೂತು ಕೊರೆದು ಒಂದು ಕೀಲು ಚುಚ್ಚಿದಾರೆ. ಕೀಲು ಕಳೆಯದ ಹಾಗೆ ಸರಪಣಿ."

"ಅದ್ಯಾಕೆ. ನಮ್ ಗ್ಲೂಕೋಸ್ ಸ್ಟ್ಯಾಂಡಿನ ತಿರುಪು ಹಾಕುವಾ. ಒಂದ್ ಕೈಯಲ್ಲಿ ಬಿಗೀಬೋದು."

ಫ್ರಾನ್ಸಮ್ಮನಿಗೆ ಹೊಳೆಯದ್ದು ತನಗೆ ಹೊಳೆಯಿತು ಎಂಬ ಖುಷಿಯಲ್ಲಿ ಅವನು ಆ ಸಲ ಮಜೂರಿಯ ಮಾತೇ ಎತ್ತಲಿಲ್ಲ.

ದಪ್ಪ ಕೊಳವೆ ಬಗ್ಗಿತು, ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನಲ್ಲಿ ಹೊಳಪು ಹಾಕಿಸಿದ್ದಾಯಿತು, ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯವನು ಗಾಜನ್ನು ದುಂಡಗೆ ಕತ್ತರಿಸಿಕೊಟ್ಟ. ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಅಂಬುಜಾ ಆಫೀಸಿನಲ್ಲಿದ್ದಾಗ, ಕೃಷ್ಣಪ್ಪನೇ ಸೈಕಲ್ಲಿನ ಕ್ಯಾರಿಯರಿಗೆ ಮೇಜು ಕಟ್ಟಿಕೊಂಡು ನಾಲ್ಕನೇ ಬ್ಲಾಕಿಗೆ ಬಂದ. ಮನೆ ನಂಬರು ಬರೆದ ಚೀಟಿ ಬೆವರಿಗೆ ಅಳಿಸಿಹೋಗಿತ್ತು. ಎದುರುಮನೆಯ ಗೇಟಿನಲ್ಲಿ ನೀಲಗಂಗಮ್ಮ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತಿದ್ದಳು. ಅವಳನ್ನೇ ಕೇಳಿದ.

"ಅಮ್ಮಾ, ಮಲಗಿದ್ ಕಡೆನೇ ಇರೋ ಪೇಶೆಂಟಮ್ಮ ಒಬ್ರು ಅವ್ರಲ್ಲ, ತಂಗಿ ಆಫೀಸಿಗೆ ಹೋಯ್ತಾರೆ, ಅವ್ರ ಮನೆ ಯಾವ್ದು?"

ನೀಲಗಂಗಮ್ಮ ಕೈಯಲ್ಲಿದ್ದ ಮೆಂತ್ಯದ ಕಟ್ಟನ್ನು ಹಾಗೇ ಕೆಳಗಿಟ್ಟಳು. ಥಳಥಳ ಹೊಳೆಯುವ ಆ ಕೊಳವೆಗಳನ್ನು ನೋಡಿದಳು. ಮಾವನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅಂಥದೇ ಕೊಳವೆಗಳ ನಡುವೆ ಒಂದು ತಿಂಗಳು ಕೂತಿದ್ದವಳು ಅವಳು. ಎದುರುಮನೆಯ ಕಡೆ ಬೆರಳು ತೋರಿಸಿದಳು.

ಬಾಗಿಲು ತೆರೆದ ಅನಂತಲಕ್ಷ್ಮಿಯನ್ನು ಕೃಷ್ಣಪ್ಪ ಅಡುಗೆಯವಳೆಂದು ತಿಳಿದ. "ಅಮ್ಮೋರ್ಗೆ ಹೇಳಿ, ನಿಧಾನಕ್ಕೆ ವಾಸಿ ಆಯ್ತದೆ" ಎಂದು ಹೇಳಿ ಮೇಜನ್ನು ನಡುಮನೆಯಲ್ಲಿಟ್ಟು ಹೋದ.

ಸಂಜೆ ಅಂಬುಜಾ ಬರುವ ಹೊತ್ತಿಗೆ ಅಕ್ಕ ಮತ್ತು ಭಾವ ಮೇಜಿನ ಎರಡು ಕಡೆ ನಿಂತಿದ್ದರು.

"ಏನೇ ಇದು?" ಎಂದಳು ಅನಂತಲಕ್ಷ್ಮಿ.

ಅಂಬುಜಾ ಅಕ್ಕನನ್ನು ಕೈಹಿಡಿದು ಅಲ್ಲೇ ಇದ್ದ ಮಂಚದ ಮೇಲೆ ಕೂರಿಸಿ, ಮೇಜನ್ನು ತಳ್ಳಿ, ತಿರುಪು ಸಡಿಲಿಸಿ ಎತ್ತರ ಸರಿಮಾಡಿದಳು. ಗಾಜು ಅಕ್ಕನ ತೊಡೆಯ ಮೇಲೆ ಸರಿಯಾಗಿ ಬಂದು ನಿಂತಿತು. "ನಿನಗೇ ಅಕ್ಕ. ಬೆಳಿಗ್ಗೆ ಇಲ್ಲೇ ಕೂತು ತಿಂಡಿ ತಿನ್ನು."

ಅನಂತಲಕ್ಷ್ಮಿ ಚೇಳು ಕಂಡವಳ ಹಾಗೆ ಕಾಲೆತ್ತಿಕೊಂಡಳು. "ಹಾಸಿಗೆ ಮೇಲೆ ಮುಸುರೆಯಾ? ಬಾಣಂತನದಲ್ಲೂ ನಾನು ಹಾಸಿಗೆ ಮೇಲೆ ತಿಂದೋಳಲ್ಲ. ತೆಗೀಯೇ ಇದನ್ನ."

"ಆ ಫ್ರಾನ್ಸಿನಲ್ಲಿ ಮಡಿ ಮುಸುರೆ ಎಲ್ಲ ನೋಡಲ್ವೇನೋ" ಎಂದ ಜಗನ್ನಾಥ. ಅಂಬುಜಾ ತಂದಿದ್ದ ಪತ್ರಿಕೆಯನ್ನು ಕನ್ನಡಕ ಏರಿಸಿ ಓದುತ್ತಿದ್ದ. "ಆ ಮನೆ ಹೆಸರು ಇ ಸಾವಿರದ ಇಪ್ಪತ್ತೇಳಂತೆ. ಮನೆ ಹೆಸರೋ ಬಸ್ಸಿನ ನಂಬರೋ? ಅನಂತೂ, ನೀನು ಇದರ ಮೇಲೆ ತಿಂಡಿ ತಿನ್ನೋಕೆ ಶುರು ಮಾಡಿದ್ರೆ ನಮ್ಮನೆಗೂ ಒಂದು ನಂಬರ್ ಹಾಕಿಸ್ಬೇಕಾಗುತ್ತೆ."

ಮೇಜು ಮಂಚದಿಂದ ಕಿಟಕಿಯ ಹತ್ತಿರಕ್ಕೆ ಹೋಯಿತು. ಮರುದಿನ ರೇಡಿಯೋ ಇಡಲು ನೋಡಿದರು. ಭಾರವಾದ ರೇಡಿಯೋವನ್ನು ಒಂದೇ ಪಕ್ಕದ ಕೊಳವೆ ಹೊತ್ತು ನಿಂತಿರುವುದನ್ನು ನೋಡಿ ಅನಂತಲಕ್ಷ್ಮಿಗೆ ವಾರ್ತೆ ಕೇಳಿಸಲೇ ಇಲ್ಲ. ಕೊನೆಗೆ ಅದರ ಮೇಲೆ ಏನೂ ಇಡದೆ, ದಿನಕ್ಕೆ ಎರಡು ಸಲ ಗಾಜು ಒರೆಸಿದಳು. ಬೇಡ ಎಂದವಳಿಗೆ ಅದರ ಮೇಲೆ ಬೆರಳಚ್ಚು ಕಂಡರೆ ಆಗುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ನೀಲಗಂಗಮ್ಮ ಹಾರ್ಲಿಕ್ಸ್ ಬಾಟಲಿ ಮತ್ತು ಆರು ಮೂಸಂಬಿ ಹಿಡಿದುಕೊಂಡು ಬಂದಳು. ಅನಂತಲಕ್ಷ್ಮಿ ಹಿತ್ತಲಲ್ಲಿ ಕಂಬಳಿ ಒಗೆಯುತ್ತಿದ್ದಳು.

"ಅಯ್ಯೋ, ನೀವ್ಯಾಕೆ ಇದನ್ನೆಲ್ಲ ಮಾಡ್ತೀರಿ. ಮಲ್ಕೊಳ್ಳಿ."

"ಮಲ್ಕೊಳೋಕೆ ನನಗೇನಾಗಿದೆ?"

ನೀಲಗಂಗಮ್ಮನ ಕಣ್ಣು ತುಂಬಿತು. ಎಷ್ಟು ಧೈರ್ಯ ಈಕೆಗೆ ಎಂದುಕೊಂಡಳು. ಇಬ್ಬರೂ ಒಳಗೆ ಬಂದಾಗ ಕಿಟಕಿಯ ಹತ್ತಿರ ಮೇಜು ಹೊಳೆಯುತ್ತಿತ್ತು. ಅವಳು ಮೂಸಂಬಿಗಳನ್ನು ಅದರ ಮೇಲಿಟ್ಟು, ಅನಂತಲಕ್ಷ್ಮಿಯ ಒದ್ದೆ ಕೈ ಹಿಡಿದುಕೊಂಡಳು. "ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಮನಸ್ಸಲ್ಲಿ ಇಟ್ಕೊಂಡು ಆಮೇಲೆ ಸಂಕಟಪಡೋದು ಬೇಡ. ನಿಮ್ಮ ನಂದಿಬಟ್ಟಲು ಹೂವು ದಿನಾ ಕಿತ್ಕೊಳ್ತಿದ್ದೋಳು ನಾನೇ. ನೀವು ಬಚ್ಚಲಿಗೆ ಹೋಗಿ ಚೆಂಬಿನ ಸದ್ದು ಬಂದ ತಕ್ಷಣ."

ಆರು ವರ್ಷದಿಂದ ಅನಂತಲಕ್ಷ್ಮಿ ಆ ಹೂವಿನ ವಿಷಯಕ್ಕೆ ಹಾಲಿನವನನ್ನು ಬೈಯುತ್ತಿದ್ದಳು. "ಪೂಜೆಗೆ ತಾನೇ, ಬಿಡಿ" ಎಂದಳು. ಆಮೇಲೆ ನೀಲಗಂಗಮ್ಮ, "ನಿಮ್ಮ ಹಾಗೆ ಕಡುಬು ಮಾಡೋರು ಈ ಬೀದೀಲಿ ಇನ್ನೊಬ್ರಿಲ್ಲ, ಅದನ್ನೂ ಹೇಳಿರ್ಲಿಲ್ಲ" ಎಂದಾಗ ಅನಂತಲಕ್ಷ್ಮಿಗೆ ಹಾಯೆನಿಸಿತು ಕೂಡ.

ಸಂಜೆ ನೀಲಗಂಗಮ್ಮನ ಗಂಡ, ನಿವೃತ್ತ ಮೇಷ್ಟರು ಶಿವಬಸಪ್ಪ, ಜಗನ್ನಾಥನನ್ನು ಬೀದಿ ಕೊನೆಯಲ್ಲಿ ತಡೆದು ಒಳ್ಳೆಯ ಡಾಕ್ಟರೊಬ್ಬರ ವಿಳಾಸ ಕೊಟ್ಟರು. ಶನಿವಾರ ಭಜನೆ ಮಂಡಳಿಯ ಹೆಂಗಸರು ಬಂದು, ಕೂತಷ್ಟು ಹೊತ್ತೂ ಅನಂತಲಕ್ಷ್ಮಿಯ ಗುಣಗಾನ ಮಾಡಿ, ಹೋಗುವಾಗ ಗೇಟಿನ ಹತ್ತಿರ ಕಣ್ಣೊರೆಸಿಕೊಂಡರು. ತನಗೇನೂ ಆಗಿಲ್ಲ ಎಂದು ಅವಳು ಹೇಳಿದಷ್ಟೂ ಅವರ ದುಃಖ ಹೆಚ್ಚಿತು.

ಮೊದಲ ಎರಡು ದಿನ ಜಗನ್ನಾಥನಿಗೆ ಇದು ಹಬ್ಬದೂಟ. "ಅನಂತೂ, ಇನ್ನೆರಡು ದಿನ ಹೀಗೇ ಇರು, ಹಾರ್ಲಿಕ್ಸ್ ಅಂಗಡೀನೇ ಇಡಬಹುದು" ಎಂದ. ಆದರೆ ಶನಿವಾರ ರಾತ್ರಿ ಊಟಕ್ಕೆ ಕೂತವನು ಹೆಂಡತಿಯ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಕಣ್ಣಿನ ಕೆಳಗೆ ಕಪ್ಪಿತ್ತು. ಅದು ಯಾವಾಗಿನಿಂದ ಇತ್ತು? ಬಳೆಗಳು ಸಡಿಲವಾಗಿ ಮೊಣಕೈಯವರೆಗೆ ಜಾರುತ್ತಿದ್ದವು. ಮೊದಲೂ ಹಾಗೇ ಜಾರುತ್ತಿದ್ದವೇ? ಇಷ್ಟಕ್ಕೂ ಅಂಬುಜಾ ಸುಮ್ಮಸುಮ್ಮನೆ ಇಷ್ಟು ಓಡಾಡಿ ಮಂಚದ ಮೇಜು ಯಾಕೆ ಮಾಡಿಸಿದಳು? ಅಕ್ಕ ತಂಗಿ ಸೇರಿಕೊಂಡು ತನ್ನಿಂದ ಏನನ್ನೋ ಮುಚ್ಚಿಡುತ್ತಿರಬಹುದೇ?

ಅಂದಿನಿಂದ ಅವನು ಛೇಡಿಸುವುದನ್ನು ನಿಲ್ಲಿಸಿದ.

ಸೋಮವಾರ ಬೆಳಿಗ್ಗೆ ಹೆಂಡತಿಗಿಂತ ಮುಂಚೆ ಎದ್ದು ತಾನೇ ಕಾಫಿ ಮಾಡಿದ. ಬೆಂಕಿಪೊಟ್ಟಣ ಹುಡುಕಲು ಕಾಲು ಗಂಟೆ ಹಿಡಿಯಿತು. ಕಾಫಿಪುಡಿ ಎಷ್ಟು ಹಾಕಬೇಕೆಂದು ತಿಳಿಯದೆ ಧಾರಾಳವಾಗಿ ಹಾಕಿದ. ಅನಂತಲಕ್ಷ್ಮಿ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಕಷಾಯಕ್ಕಿಂತ ಕಹಿ. ಬೇರೆ ದಿನವಾಗಿದ್ದರೆ ಅವಳು ಅದನ್ನು ತೊಟ್ಟಿಗೆ ಸುರಿಯುತ್ತಿದ್ದಳು. ಆದರೆ ಎರಡು ದಿನದಿಂದ ಒಂದು ಕೊಂಕು ಮಾತನ್ನೂ ಆಡದ ಗಂಡ, ಬೆಳಗಿನ ಜಾವದಲ್ಲಿ ಎದ್ದು ಕಾಫಿ ಮಾಡಿರುವುದನ್ನು ನೋಡಿ ಅವಳಿಗೆ ದಿಗಿಲಾಗಿತ್ತು. ಇವರಿಗೆ ಏನೋ ಆಗಿದೆ ಎಂದುಕೊಂಡು ಮಾತಾಡದೆ ಪೂರ್ತಿ ಕುಡಿದಳು.

ತಾನು ಮಾಡಿದ ಕಾಫಿಯನ್ನು ಹೆಂಡತಿ ಒಂದು ಮಾತೂ ಬೈಯದೆ ಕುಡಿದದ್ದನ್ನು ಕಂಡ ಮೇಲೆ ಜಗನ್ನಾಥನಿಗೆ ಉಳಿದಿದ್ದ ಅನುಮಾನವೂ ಹೋಯಿತು. ಇವಳು ಇನ್ನು ಹೆಚ್ಚು ದಿನದವಳಲ್ಲ.

ಅವನು ಬಸ್ ಸ್ಟಾಪಿನಲ್ಲಿ ಅಂಬುಜಾಳನ್ನು ಪಕ್ಕಕ್ಕೆ ಕರೆದ. "ಅಂಬು, ನಿಜ ಹೇಳು. ಡಾಕ್ಟರ್ ಏನಂದ್ರು?"

"ಯಾವ ಡಾಕ್ಟರ್ ಭಾವ?"

"ನನ್ನ ಹತ್ರ ಮುಚ್ಚಿಡ್ಬೇಡ. ನಾನು ತಡ್ಕೊಳ್ತೀನಿ." ಹಾಗೆ ಹೇಳುವಾಗ ಅವನ ದನಿ ತಡೆದುಕೊಳ್ಳುವವನ ದನಿಯಾಗಿರಲಿಲ್ಲ. ಅಷ್ಟರಲ್ಲಿ ಅವನ ಬಸ್ಸು ಬಂತು, ಅಂಬುಜಾ ಉತ್ತರ ಕೊಡುವ ಮುಂಚೆ ಜನ ಅವನನ್ನು ಒಳಗೆ ನೂಕಿಕೊಂಡು ಹೋದರು.

ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ಅಂಬುಜಾಳನ್ನು ಅಕ್ಕ ಹಿಡಿದಳು. "ನಿಮ್ಮ ಭಾವ ಶನಿವಾರದಿಂದ ನನ್ನನ್ನ ಒಂದು ಸಲಾನೂ ರೇಗಿಸಿಲ್ಲ ಕಣೇ. ಊಟಕ್ಕೆ ಕೂತ್ರೆ ನನ್ನೇ ನೋಡ್ತಾ ಇರ್ತಾರೆ, ಬಿಟ್ಟು ಹೋಗೋರ ಥರ. ಆ ಮೇಜು ನಿಜವಾಗ್ಲೂ ನನಗೇ ಮಾಡಿಸಿದ್ದಾ, ಅಥವಾ ಅವರಿಗಾ? ಅವರಿಗೆ ಏನಾಗಿದೆ, ಹೇಳಿಬಿಡು."

ಅಂಬುಜಾ ಒಣಗಿದ ಪಂಚೆಯನ್ನು ಬುಟ್ಟಿಗೆ ಹಾಕಿ, ಅಕ್ಕನ ಕೈ ಹಿಡಿದು ನಡುಮನೆಗೆ ಕರೆದುಕೊಂಡು ಬಂದಳು. ಭಾವ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದ.

"ಇಬ್ರೂ ಕೂತ್ಕೊಳ್ಳಿ" ಎಂದಳು. ಅವಳು ಹಾಗೆ ಆಜ್ಞೆ ಮಾಡಿದ್ದು ಆ ಮನೆಯಲ್ಲಿ ಅದೇ ಮೊದಲು. ಇಬ್ಬರೂ ಕೂತರು. "ಅಕ್ಕನಿಗೆ ಏನೂ ಆಗಿಲ್ಲ. ಭಾವನಿಗೂ ಏನೂ ಆಗಿಲ್ಲ. ನನಗೆ ಜ್ವರ ಬಂದಿತ್ತಲ್ಲ, ಆವತ್ತು ಅಕ್ಕ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನಿಂತ್ಕೊಂಡು ತಣ್ಣನೆ ಉಪ್ಪಿಟ್ಟು ತಿಂತಿದ್ಲು. ದಿನಾ ಹಾಗೇ ತಿಂತಾಳಂತೆ. ನನಗೆ ನೋಡೋಕಾಗ್ಲಿಲ್ಲ. ನನಗೆ ಬರೋದು ಗೆರೆ ಎಳೆಯೋದೊಂದೇ. ಅದಕ್ಕೆ ಮಾಡಿಸಿದೆ. ಅಷ್ಟೇ."

ಜಗನ್ನಾಥ ಹೆಂಡತಿಯ ಕಡೆ ನೋಡಿದ.

"ದಿನಾ ನಿಂತ್ಕೊಂಡೇನಾ?"

"ಅದ್ಯಾವ ದೊಡ್ಡ ವಿಷಯ ಅಂತ" ಎಂದು ಅನಂತಲಕ್ಷ್ಮಿ ಎದ್ದು ಅಡುಗೆಮನೆಗೆ ಹೋದಳು. ಒಳಗಿನಿಂದ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಬಂತು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಹೇಳಿದಳು. "ಬೆಳಿಗ್ಗೆ ಕಾಫಿ ವಿಷದ ಹಾಗಿತ್ತು. ಹೇಳ್ಬಾರ್ದು ಅಂತಿದ್ದೆ."

ಜಗನ್ನಾಥ ಎಷ್ಟೋ ದಿನದ ಮೇಲೆ ಉಸಿರು ಬಿಟ್ಟವನ ಹಾಗೆ ಕುರ್ಚಿಗೆ ಒರಗಿದ.

ಆ ವಾರದ ಕೊನೆಗೆ ಕೃಷ್ಣಪ್ಪ ರೋಗಿಯನ್ನು ನೋಡಿಕೊಂಡು ಹೋಗಲು ಬಂದ. ತಾನು ಅಡುಗೆಯವಳೆಂದು ತಿಳಿದಿದ್ದಾಕೆಯೇ ರೋಗಿ ಎಂದೂ, ರೋಗಿ ಸ್ಟೂಲಿನ ಮೇಲೆ ನಿಂತು ಅಟ್ಟದ ಜೇಡರಬಲೆ ತೆಗೆಯುತ್ತಿದ್ದಾಳೆಂದೂ ಗೊತ್ತಾದಾಗ ಅವನಿಗೆ ತನ್ನ ಮೇಜಿನ ಗುಣದ ಬಗ್ಗೆಯೇ ಅಭಿಮಾನ ಬಂದಂತಿತ್ತು. ನರ್ಸಿಂಗ್ ಹೋಮಿನವರು ಇಂಥ ಎಂಟು ಮೇಜು ಕೇಳಿದ್ದಾರೆ, ಮಾಡಬಹುದೇ ಎಂದು ಅಂಬುಜಾಳನ್ನು ಕೇಳಿದ.

"ಮಾಡಿ. ಆದ್ರೆ ಇದು ಯಾರ ಯೋಚನೆ ಅಂತ ಕೇಳಿದ್ರೆ ಫ್ರಾನ್ಸಿನ ಆ ಅಮ್ಮನದು ಅಂತ ಹೇಳ್ಬೇಕು."

"ಹೇಳ್ತೀನಿ ಮೇಡಮ್ಮೋರೆ. ತಿರುಪು ಮಾತ್ರ ಅತ್ತಿಗುಪ್ಪೇದು ಅಂತಾನೂ ಹೇಳ್ತೀನಿ."

ಭಾನುವಾರ ಬೆಳಿಗ್ಗೆ ಜಗನ್ನಾಥ ಅಡುಗೆಮನೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡ. ಅಂಬುಜಾ ಬಾಗಿಲ ಹೊರಗೆ ನಿಂತು ರವೆ ಎಷ್ಟು ಹುರಿಯಬೇಕು, ನೀರು ಎಷ್ಟು ಎಂದು ಹೇಳುತ್ತಿದ್ದಳು. ಅನಂತಲಕ್ಷ್ಮಿ ನಡುಮನೆಯಲ್ಲಿ ಕೂರಲಾರದೆ ನಿಲ್ಲಲಾರದೆ ಓಡಾಡಿದಳು. ಸೀದ ವಾಸನೆ ಬಂದಾಗ ಎರಡು ಸಲ ಬಾಗಿಲು ತಟ್ಟಿದಳು.

"ತಿಂಡಿ ಆಯ್ತು. ಮಂಚದ ಮೇಲೆ ಕೂತ್ಕೋ" ಎಂದು ಒಳಗಿನಿಂದ ಜಗನ್ನಾಥ ಕೂಗಿದ.

"ಹಾಸಿಗೆ ಮೇಲೆ ತಿನ್ನಲ್ಲ ಅಂದ್ನಲ್ಲ."

ಹಾಗೆಂದವಳು ಒಂದು ನಿಮಿಷ ಯೋಚಿಸಿದಳು. ಆಮೇಲೆ ಮಂಚದ ಹಾಸಿಗೆಯನ್ನು ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದಳು. ದಿಂಬನ್ನು ಪೆಟ್ಟಿಗೆಯ ಮೇಲಿಟ್ಟಳು. ಬರೀ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. "ಹಲಗೆಗೆ ಮುಸುರೆ ಇಲ್ಲ" ಎಂದು ತನಗೆ ತಾನೇ ಹೇಳಿಕೊಂಡು, ಕಾಲು ಮಡಿಸಿ ಕೂತಳು.

ಅಂಬುಜಾ ಮೇಜು ತಳ್ಳಿದಳು. ಪಾದದ ಬಳೆ ಮಂಚದ ಕೆಳಗೆ ಸದ್ದಿಲ್ಲದೆ ಸರಿಯಿತು. ಹಾಸಿಗೆ ಇಲ್ಲದ್ದರಿಂದ ಎತ್ತರ ನಾಲ್ಕು ಬೆರಳು ತಗ್ಗಿಸಬೇಕಾಯಿತು. ಅನಂತಲಕ್ಷ್ಮಿ ತಾನೇ ಬಗ್ಗಿ ತಿರುಪನ್ನು ಸಡಿಲಿಸಿ, ಇಳಿಸಿ, ಬಿಗಿದಳು. ಜಗನ್ನಾಥ ಎರಡೂ ಕೈಯಲ್ಲಿ ತಟ್ಟೆ ಹಿಡಿದುಕೊಂಡು ಬಂದು ಗಾಜಿನ ಮೇಲಿಟ್ಟ. ಹಬೆಯಾಡುವ ಉಪ್ಪಿಟ್ಟು, ಅಲ್ಲಲ್ಲಿ ಗಂಟು, ತಳದಲ್ಲಿ ಕಂದು.

ಅವಳು ಒಂದು ತುತ್ತು ಬಾಯಿಗಿಟ್ಟುಕೊಂಡಳು. ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಉಪ್ಪು ಕಡಿಮೆ" ಎಂದಳು. "ಒಗ್ಗರಣೆ ಸೀದಿದೆ. ಗೋಡಂಬಿ ಡಬ್ಬಿ ಎದುರಿಗೇ ಇತ್ತು, ಕಾಣಿಸ್ಲಿಲ್ವಾ?"

"ಕಾಣಿಸ್ತು. ರೋಗಿಗೆ ಗೋಡಂಬಿ ಒಳ್ಳೇದಲ್ಲ ಅಂತ ನಾನೇ ತಿಂದೆ" ಎಂದ ಜಗನ್ನಾಥ.

ಅವಳು ಇನ್ನೊಂದು ತುತ್ತು ತಿಂದಳು. ಮತ್ತೊಂದು. ಕಿಟಕಿಯಿಂದ ಬಂದ ಬಿಸಿಲು ಉಕ್ಕಿನ ಬಳೆಯ ಮೇಲೆ ಬಿದ್ದು ಚಾವಣಿಯಲ್ಲಿ ಆಡುತ್ತಿತ್ತು. ತಟ್ಟೆ ಅರ್ಧ ಮುಗಿಯುವ ಹೊತ್ತಿಗೆ ಅವಳ ಬೆನ್ನು ತಾನಾಗಿಯೇ ಗೋಡೆಗೆ ಒರಗಿತ್ತು, ಕಾಲು ಮುಂದಕ್ಕೆ ಚಾಚಿತ್ತು.

ಆ ಹೊತ್ತಿಗೆ ಸರಿಯಾಗಿ, ಒಂದು ಬಟ್ಟಲು ನಂದಿಬಟ್ಟಲು ಹೂವನ್ನು ತಾನೇ ಕಿತ್ತು ತಾನೇ ತಂದುಕೊಡುವ ಹೊಸ ಪದ್ಧತಿಯಂತೆ, ನೀಲಗಂಗಮ್ಮ ಒಳಗೆ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು. ಮಂಚದ ಮೇಲೆ ಕಾಲು ಚಾಚಿ ಕೂತ ಅನಂತಲಕ್ಷ್ಮಿ, ತೊಡೆಯ ಮೇಲೆ ಆಸ್ಪತ್ರೆಯ ಮೇಜು, ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತ ಗಂಡ.

"ಅನಂತಲಕ್ಷ್ಮಮ್ಮೋರೆ" ಎಂದಳು, ತಗ್ಗಿದ ದನಿಯಲ್ಲಿ. "ಈಗ ಹೇಗಿದೆ?"

ಅನಂತಲಕ್ಷ್ಮಿ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದಳು. ಗಂಡನನ್ನು ನೋಡಿದಳು, ತಂಗಿಯನ್ನು ನೋಡಿದಳು, ತಟ್ಟೆಯಲ್ಲಿ ಉಳಿದಿದ್ದುದನ್ನು ನೋಡಿದಳು.

"ಇವತ್ತು ಸ್ವಲ್ಪ ಪರವಾಗಿಲ್ಲ" ಎಂದಳು. "ಆದ್ರೆ ಇನ್ನೂ ಒಂದಷ್ಟು ಭಾನುವಾರ ಹೀಗೇ ಇರ್ಬೇಕಾಗುತ್ತೆ ಅಂತ ಕಾಣುತ್ತೆ."

ಜಗನ್ನಾಥ ನೀಲಗಂಗಮ್ಮನಿಗೆ ಒಂದು ತಟ್ಟೆ ಉಪ್ಪಿಟ್ಟು ತರಲು ಒಳಗೆ ಹೋದ.